ಹೋದ ಸಲ ಹೇಳಿದ್ದನ್ನೇ ಹೇಳಿ

1994ರ ಆಗಸ್ಟ್ 1, ಸೋಮವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ಹುಣಸೂರಿನ ಬಸ್ ನಿಲ್ದಾಣದಲ್ಲಿ ಕಟ್ಟೆಮಳಲವಾಡಿ ಕಡೆಗೆ ಹೋಗುವ ಬಸ್ಸಿಗೆ ಕಾಯುತ್ತ ನಿಂತಿದ್ದೆ. ನನ್ನ ಕೆಲಸ ಶುರುವಾದದ್ದು ಅಲ್ಲಿ, ಆ ಹೊತ್ತಿನಲ್ಲಿ. ಇಷ್ಟು ಖಚಿತವಾಗಿ ಹೇಳುತ್ತಿರುವುದು ನೆನಪಿನ ಬಲದಿಂದಲ್ಲ, ಡೈರಿಯ ಬಲದಿಂದ. ಆಗ ನನಗೆ ಇಪ್ಪತ್ತಾರು ವರ್ಷ. ದಿನ, ಹೊತ್ತು, ಎಷ್ಟು ಜನ ಬಂದರು, ಎಷ್ಟು ಜನ ತಪ್ಪಿಸಿಕೊಂಡರು ಎಲ್ಲವನ್ನೂ ಗೆರೆ ಎಳೆದು ಕಾಲಂ ಮಾಡಿ ಬರೆಯುವ ಚಟವಿತ್ತು. ಅಮ್ಮ ನನ್ನನ್ನು ‘ಶಾನುಭೋಗರ ಮಗಳು’ ಎಂದು ಆಡಿಕೊಳ್ಳುತ್ತಿದ್ದಳು. ನನ್ನ ಅಪ್ಪ ಲಾರಿ ಓಡಿಸುತ್ತಿದ್ದವರು.

ಈಗ ನಿವೃತ್ತಳಾಗಿದ್ದೇನೆ. ಇದೇ ಕೆಲಸಕ್ಕೆ ಸೇರುತ್ತಿರುವ ಇಬ್ಬರು ಹುಡುಗಿಯರು ‘ಮೇಡಂ, ನಿಜವಾಗಿ ಏನು ಮಾಡಬೇಕಾಗುತ್ತದೆ?’ ಎಂದು ಕೇಳಿದರು. ನೇಮಕಾತಿ ಪತ್ರದಲ್ಲಿ ಅದು ಸಿಗುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಬಡ್ತಿ, ವರ್ಗಾವಣೆಗಳ ವಿಷಯ ಬಿಟ್ಟಿದ್ದೇನೆ. ಜನರ ಹೆಸರುಗಳನ್ನು ಬದಲಿಸಿದ್ದೇನೆ. ಕಾಲೇಜಿನ ಹೆಸರು ಬೇಡ.

ಮೈಸೂರಿನ ಒಂದು ವೈದ್ಯಕೀಯ ಕಾಲೇಜಿಗೆ ಹುಣಸೂರಿನಲ್ಲಿ ಒಂದು ತರಬೇತಿ ಕೇಂದ್ರವಿತ್ತು. ಹೆಂಚಿನ ಕಟ್ಟಡ, ಉದ್ದನೆಯ ಒಂದು ವಾರ್ಡು, ಎಂಟು ಮಂಚ. ಪ್ರತಿ ಬುಧವಾರ ವಿದ್ಯಾರ್ಥಿಗಳು ವ್ಯಾನಿನಲ್ಲಿ ಬರುತ್ತಿದ್ದರು. ರೋಗಿಯನ್ನು ಮಾತನಾಡಿಸುವುದು, ನಾಡಿ ನೋಡುವುದು, ಹೊಟ್ಟೆ ಮುಟ್ಟುವುದು, ಎದೆ ತಟ್ಟಿ ಕೇಳುವುದು ಇವನ್ನು ಪುಸ್ತಕದಿಂದ ಕಲಿಯಲು ಆಗುವುದಿಲ್ಲ. ಅದಕ್ಕೆ ಜೀವಂತ ಮನುಷ್ಯರು ಬೇಕು, ಒಪ್ಪಿ ಬಂದು ಮಲಗಬೇಕು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಈ ನಾಲ್ಕು ತಾಲ್ಲೂಕುಗಳಿಂದ ಅಂಥವರನ್ನು ಹುಡುಕಿ, ಕೇಳಿ, ಕರೆತಂದು, ಊಟ ಹಾಕಿ, ಹೊತ್ತು ಮುಳುಗುವ ಮೊದಲು ಮನೆ ಸೇರುವಂತೆ ಬಸ್ಸು ಹತ್ತಿಸುವುದು ನನ್ನ ಕೆಲಸ. ಹುದ್ದೆಯ ಹೆಸರು ಸಮಾಜ ಕಾರ್ಯಕರ್ತೆ. ವಿದ್ಯಾರ್ಥಿಗಳು ಬೆನ್ನ ಹಿಂದೆ ‘ಕೇಸ್ ಮೇಡಂ’ ಎನ್ನುತ್ತಿದ್ದರು.

ಮೊದಲ ತಪ್ಪು ಮೊದಲ ತಿಂಗಳಲ್ಲೇ ಆಯಿತು. ಕಟ್ಟೆಮಳಲವಾಡಿಯ ಚಿಕ್ಕೇಗೌಡರಿಗೆ ಎದೆಯ ಬಲಗಡೆ ನೀರು ತುಂಬಿತ್ತು. ಅಂಥ ಕಡೆ ಬೆರಳಿನಿಂದ ತಟ್ಟಿದರೆ ತುಂಬಿದ ಕೊಡ ತಟ್ಟಿದ ಹಾಗೆ ಮಂದ ಶಬ್ದ ಬರುತ್ತದೆ, ವಿದ್ಯಾರ್ಥಿಗಳು ಕಲಿಯಲೇಬೇಕಾದ ಶಬ್ದ. ಚಿಕ್ಕೇಗೌಡರು ಸಂತೋಷವಾಗಿ ಒಪ್ಪಿದರು. ನಾನು ಆಗಸ್ಟ್ 24, ಬುಧವಾರ ಎಂದು ಬರೆದುಕೊಂಡು ಬಂದೆ. ಆ ದಿನ ಬಿಳಿ ಪಂಚೆ ಉಟ್ಟು ಬಂದು ಮಲಗಿದರು. ಐದು ಜನ ವಿದ್ಯಾರ್ಥಿಗಳು ತಟ್ಟಿದರು. ಐದೂ ಜನ ಏನೂ ಇಲ್ಲವೆಂದರು. ನಮ್ಮ ಪ್ರಾಧ್ಯಾಪಕರು ಡಾ. ವೀರಭದ್ರಪ್ಪ. ಅವರೂ ತಟ್ಟಿದರು. ಆಮೇಲೆ ಚಿಕ್ಕೇಗೌಡರ ಮುಖವನ್ನೇ ನೋಡಿದರು.

“ನೀರು ಎಲ್ಲಿ ಗೌಡ್ರೆ?”

“ಅಯ್ಯೋ, ಅದಾ ಸ್ವಾಮಿ? ಹೋದ್ವಾರ ದೊಡ್ಡಾಸ್ಪತ್ರೇಲಿ ಸೂಜಿ ಹಾಕಿ ತಗುದ್ಬುಟ್ರು. ಒಂದು ಕ್ಯಾನು ಆಯ್ತು!”

“ಮತ್ತೆ ಇಲ್ಲಿಗ್ಯಾಕೆ ಬಂದ್ರಿ?”

“ಈ ಅವ್ವ ಬನ್ನಿ ಅಂದ್ಲಲ್ಲ. ಮಾತು ಕೊಟ್ಮೇಲೆ ಬರ್ದಿದ್ರೆ ಆಯ್ತದಾ?”

ವಾರ್ಡು ನಕ್ಕಿತು. ಡಾ. ವೀರಭದ್ರಪ್ಪ ನಗಲಿಲ್ಲ. “ಸುಜಾತಾ, ಮನುಷ್ಯ ಬೀರುವಿನೊಳಗಿನ ಬಾಟಲಿ ಅಲ್ಲ. ಇಟ್ಟಲ್ಲೇ ಇರಲ್ಲ” ಎಂದರು. ಅವತ್ತಿನಿಂದ, ಕರೆದ ದಿನಕ್ಕೆ ಹಿಂದಿನ ವಾರ ಇನ್ನೊಮ್ಮೆ ಮನೆಗೆ ಹೋಗಿ ನೋಡಿಬರುವುದನ್ನು ರೂಢಿಸಿಕೊಂಡೆ. ಆದರೆ ಅದು ಹೊಸಬರ ವಿಷಯದಲ್ಲಿ. ವರ್ಷಗಟ್ಟಲೆ ಬರುತ್ತಿದ್ದವರ ಮನೆಗೆ ಹೋಗುವುದನ್ನು ಬಿಟ್ಟೆ. ಅವರು ಹಳಬರು, ಗೊತ್ತಿದ್ದವರು ಎಂಬ ಧೈರ್ಯ.

ಡಾ. ವೀರಭದ್ರಪ್ಪನವರ ಬಗ್ಗೆ ಸ್ವಲ್ಪ ಹೇಳಬೇಕು. ಅವರು ಕೂಗಾಡುವವರಲ್ಲ. ರೋಗಿಯ ಹೊದಿಕೆಯನ್ನು ಕೇಳದೆ ಎಳೆದ ವಿದ್ಯಾರ್ಥಿಗೆ ಬಾಗಿಲು ತೋರಿಸುತ್ತಿದ್ದರು. ಪ್ರತಿ ರೋಗಿಯ ಬಗ್ಗೆ ತಾವೇ ಒಂದು ಕಾರ್ಡು ಬರೆಯುತ್ತಿದ್ದರು: ರೋಗಿ ಏನು ಹೇಳುತ್ತಾರೆ, ಮುಟ್ಟಿದರೆ ಏನು ಸಿಗಬೇಕು, ಕೇಳಿದರೆ ಏನು ಕೇಳಿಸಬೇಕು. ಮುತ್ತಿನಂಥ ಅಕ್ಷರ. ವಿದ್ಯಾರ್ಥಿಗಳ ಉತ್ತರವನ್ನು ಆ ಕಾರ್ಡಿಗೆ ಹೋಲಿಸಿ ಅಂಕ ಕೊಡುತ್ತಿದ್ದರು. ಕಾರ್ಡುಗಳು ಇರುತ್ತಿದ್ದದ್ದು ನನ್ನ ಮೇಜಿನ ಪಕ್ಕದ ಬೀರುವಿನಲ್ಲಿ.

1994ರ ಡಿಸೆಂಬರ್ 14. ಎಚ್.ಡಿ. ಕೋಟೆಯಿಂದ ಮಾದಪ್ಪ ಎಂಬ ಹಿರಿಯರು ಬಂದಿದ್ದರು. ಗುಲ್ಮ, ಅಂದರೆ ಎಡ ಪಕ್ಕೆಯ ಕೆಳಗಿನ ಅಂಗ, ಊದಿ ಕೈಗೆ ಸಿಗುತ್ತಿತ್ತು. ಚಳಿ ವಿಪರೀತ. ಮೊದಲ ಹುಡುಗ ಹೊಟ್ಟೆಯ ಮೇಲೆ ಕೈಯಿಟ್ಟ ಕೂಡಲೇ ಮಾದಪ್ಪ ಎದ್ದು ಕೂತರು.

“ಏನ್ಲಾ ಮಗ, ಕೈಯ ಬೋರ್‌ವೆಲ್ ನೀರೊಳಗೆ ಅದ್ದಿಕ್ಕಂಡು ಬಂದಿಯಾ? ಗುಂಡಿಗೆ ಬಾಯಿಗ್ ಬತ್ತಲ್ಲೋ!”

“ಸಾರಿ ಅಜ್ಜ.”

“ಸಾರೂ ಬ್ಯಾಡ ಪಲ್ಯನೂ ಬ್ಯಾಡ. ಓಗು, ಒಲೆ ಮುಂದೆ ಕೈ ಕಾಯಿಸ್ಕಂಡು ಬಾ.”

ಹುಡುಗ ನಿಜವಾಗಿಯೂ ಅಡುಗೆಮನೆಗೆ ಹೋಗಿ ಕೈ ಕಾಯಿಸಿಕೊಂಡು ಬಂದ. ಮುಂದಿನ ಬುಧವಾರದಿಂದ ವಾರ್ಡಿನ ಬಾಗಿಲಲ್ಲಿ ಬಿಸಿನೀರಿನ ಬೇಸಿನ್ನು, ಒಂದು ಟವಲು ಇಟ್ಟೆವು. ಕೇಂದ್ರ ಮುಚ್ಚುವವರೆಗೂ ಅದು ಅಲ್ಲೇ ಇತ್ತು. ವಿಧಾನ ಬದಲಾಗುವುದು ಯಾವಾಗಲೂ ಮೇಲಿನವರ ಸುತ್ತೋಲೆಯಿಂದ ಅಂದುಕೊಳ್ಳಬೇಡಿ. ಆ ಬೇಸಿನ್ನಿಗೆ ಮಾದಪ್ಪನವರೇ ಕಾರಣ.

ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ ಹುಣಸೂರು, ಪಿರಿಯಾಪಟ್ಟಣದ ಕಡೆಯವರು ಬರುತ್ತಿರಲಿಲ್ಲ, ಬ್ಯಾರನ್, ಅಂದರೆ ಸೊಪ್ಪು ಬೇಯಿಸುವ ಗೂಡಿನ ಮುಂದಿನಿಂದ ಏಳಲು ಅವರಿಗೆ ಪುರುಸೊತ್ತಿಲ್ಲ. ಆಗ ಕೆ.ಆರ್. ನಗರದ ಗದ್ದೆ ಬಯಲಿನವರನ್ನು ಕರೆಯಬೇಕು. ನಾಟಿ, ಕೊಯ್ಲು ಬಂದರೆ ಅವರೂ ಇಲ್ಲ. ಆಗ ಅಂಗಡಿಯವರು, ಮೇಷ್ಟ್ರುಗಳು, ಪಿಂಚಣಿದಾರರು. ಹೀಗೆ ವರ್ಷದ ಪಟ್ಟಿಯನ್ನು ಬೆಳೆ ನೋಡಿಕೊಂಡು ಹಾಕುವುದನ್ನು ಕಲಿತೆ.

ಪಿರಿಯಾಪಟ್ಟಣದಲ್ಲಿ ದಿನಸಿ ಅಂಗಡಿ ಇಟ್ಟಿದ್ದ ರಾಚಪ್ಪನವರಿಂದಾಗಿ ನಾನೊಂದು ನಿಯಮ ಮಾಡಿದೆ. ಆ ನಿಯಮದ ಬಗ್ಗೆ ಈಗ ನನಗೆ ಹೆಮ್ಮೆಯಿಲ್ಲ, ಆಗ ಇತ್ತು.

ರಾಚಪ್ಪನವರಿಗೆ ಹಳೆಯ ಕೆಮ್ಮು. ಸ್ಟೆತಸ್ಕೋಪ್ ಇಟ್ಟರೆ ಎದೆಯಲ್ಲಿ ಪಿಳ್ಳಂಗೋವಿಯ ಹಾಗೆ ಸದ್ದು. 1996ರ ಜುಲೈ 10ರಂದು ಏಳು ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಅವರನ್ನು ನೋಡಿದರು. ಹಾಳೆಗಳನ್ನು ಪಿನ್ನು ಹಾಕುವಾಗ ನೋಡುತ್ತೇನೆ: ಒಬ್ಬರ ಹಾಳೆಯಲ್ಲಿ ಕೆಮ್ಮು ಮೂರು ವರ್ಷದಿಂದ, ಇನ್ನೊಬ್ಬರಲ್ಲಿ ಹನ್ನೆರಡು ವರ್ಷದಿಂದ, ಮತ್ತೊಬ್ಬರಲ್ಲಿ ಕಳೆದ ದೀಪಾವಳಿಯಿಂದ. ಒಬ್ಬ ಹುಡುಗಿಗೆ ಕಫದಲ್ಲಿ ರಕ್ತ ಬರುತ್ತದೆ ಎಂದಿದ್ದರು, ಅವಳು ಹೆದರಿ ಕ್ಷಯ ಎಂದು ಬರೆದಿದ್ದಳು.

“ಏನ್ರೀ ರಾಚಪ್ಪನೋರೆ, ಹೀಗೆ ಮಾಡಿದ್ರಿ?” ಎಂದೆ.

“ಒಂದೇ ಮಾತನ್ನ ಏಳು ಸಲ ಹೇಳಕ್ಕೆ ನಾನೇನು ಗಿಣಿನಾ ತಾಯಿ? ಅಂಗಡೀಲಿ ದಿನಾ ಅದೇ ಬೇಳೆ, ಅದೇ ಬೆಲ್ಲ. ಇಲ್ಲಾದ್ರೂ ಒಸಿ ಬೇರೆ ಬೇರೆ ಮಾತಾಡಣ ಅಂತ.”

“ಮಕ್ಕಳ ಅಂಕ ಹೋಯ್ತಲ್ಲ!”

“ಆ ಕನ್ನಡಕದ ಹುಡುಗಿ ಬೋ ಚೆನ್ನಾಗಿ ಕೇಳುದ್ಲು ಕಣ್ರೀ. ಅದ್ಕೇ ಅವಳಿಗೆ ರಕ್ತದ್ದು ಹೇಳ್ದೆ.”

ಡಾ. ವೀರಭದ್ರಪ್ಪ ಏಳು ಜನರಿಗೂ ಮರುಪರೀಕ್ಷೆ ಮಾಡಬೇಕಾಯಿತು. ಅದು ನನಗೆ ಚುಚ್ಚಿತು. ಅವತ್ತು ಸಂಜೆ ಡೈರಿಯಲ್ಲಿ ದಪ್ಪಕ್ಷರದಲ್ಲಿ ಬರೆದೆ: ‘ಬರುವವರಿಗೆಲ್ಲ ಹೇಳಬೇಕು. ಹೋದ ಸಲ ಹೇಳಿದ್ದನ್ನೇ ಹೇಳಿ. ಕೇಳಿದ್ದಕ್ಕೆ ಮಾತ್ರ ಹೇಳಿ.’ ಅದನ್ನು ಎಲ್ಲರಿಗೂ ಬಾಯಿಪಾಠ ಮಾಡಿಸಿದೆ. ಹಾಳೆಗಳು ಒಂದೇ ಥರ ಬರತೊಡಗಿದವು. ಕಾಲಂಗಳು ಚೊಕ್ಕಟವಾದವು.

ಈ ನಿಯಮವನ್ನು ಎಲ್ಲರಿಗಿಂತ ಚೆನ್ನಾಗಿ ಪಾಲಿಸಿದವರು ಮಿರ್ಲೆಯ ಸಣ್ಣಮ್ಮ.

ಸಣ್ಣಮ್ಮ ಮೊದಲು ಬಂದದ್ದು 1995ರ ಜೂನ್ 14. ಆಗ ಮೂವತ್ತೆಂಟು ವರ್ಷ. ಗಂಡ, ಇಬ್ಬರು ಹೆಣ್ಣುಮಕ್ಕಳು, ಒಂದೂವರೆ ಎಕರೆ ಗದ್ದೆ. ಚಿಕ್ಕಂದಿನಲ್ಲಿ ಕೀಲುನೋವು ಜ್ವರ ಬಂದು ಹೃದಯದ ಒಂದು ಕವಾಟ ಕಿರಿದಾಗಿತ್ತು. ಅಂಥ ಹೃದಯದ ಸದ್ದನ್ನು ಒಮ್ಮೆ ಕೇಳಿದ ವಿದ್ಯಾರ್ಥಿ ಮರೆಯುವುದಿಲ್ಲವಂತೆ. ಆಗ ಸ್ಕ್ಯಾನ್ ನೋಡಿ ‘ತೊಂದರೆ ಕಡಿಮೆ, ಸದ್ಯಕ್ಕೆ ಇಂಜೆಕ್ಷನ್ ಸಾಕು, ನೋಡಿಕೊಳ್ಳೋಣ’ ಎಂದು ಡಾಕ್ಟರು ಬರೆದಿದ್ದರು. ಮೂರು ವಾರಕ್ಕೊಮ್ಮೆ ಕೆ.ಆರ್. ನಗರದ ಆಸ್ಪತ್ರೆಯಲ್ಲಿ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರು. ವರ್ಷಕ್ಕೆ ಎರಡೋ ಮೂರೋ ಸಲ ನಮ್ಮಲ್ಲಿಗೆ ಬರುತ್ತಿದ್ದರು.

“ನಿಮಗೆ ಬೇಜಾರಾಗಲ್ವಾ ಸಣ್ಣಮ್ಮ, ಇಷ್ಟು ಜನ ಮುಟ್ಟೋದು?” ಎಂದು ಒಮ್ಮೆ ಕೇಳಿದ್ದೆ.

“ಮೊದ್ಲು ನಾಚ್ಕೆ ಆಯ್ತಿತ್ತು ಮೇಡಮ್ಮೋರೆ. ಈಗ ನಾನೇ ಮೇಷ್ಟ್ರು ಅನ್ಕತೀನಿ. ನಮ್ಮ ಮಕ್ಳು ಇಸ್ಕೂಲ್ಗೆ ಓಗಿ ಕಲ್ತ್ರು, ಈ ಮಕ್ಳು ನನ್ನ ಎದೆ ಮ್ಯಾಲೆ ಕಲೀಲಿ ಬುಡಿ.”

ಅವರ ಒಪ್ಪಿಗೆ ಅಷ್ಟು ತಿಳಿದು ಕೊಟ್ಟದ್ದು. ನಿಯಮ ಬಂದ ಮೇಲೆ, ಮೊದಲ ಸಲ ಹೇಳಿದ ಮಾತುಗಳನ್ನೇ ಅವರು ಒಂದಕ್ಷರ ತಪ್ಪದೆ ಒಪ್ಪಿಸುತ್ತಿದ್ದರು: ‘ಏರು ಹತ್ತಿದರೆ ಉಸಿರು ಕಟ್ಟುತ್ತದೆ. ಸಮನಾದ ನೆಲದಲ್ಲಿ ತೊಂದರೆ ಇಲ್ಲ. ಕಾಲು ಊದಿಲ್ಲ. ಎದೆ ಬಡಿದುಕೊಳ್ಳುವುದಿಲ್ಲ.’ ಅದು 1995ರಲ್ಲಿ ನಿಜವಾಗಿತ್ತು.

ಅವರು ಬಂದಾಗಲೆಲ್ಲ ನಾನು ವಿದ್ಯಾರ್ಥಿಗಳ ಹಾಳೆಗಳಿಂದ ಒಂದು ಅಂಕಿಯನ್ನು ಡೈರಿಗೆ ಇಳಿಸಿಕೊಳ್ಳುತ್ತಿದ್ದೆ, ನಿಮಿಷಕ್ಕೆ ನಾಡಿ ಎಷ್ಟು ಎಂಬುದು. ಎಲ್ಲರ ವಿಷಯದಲ್ಲೂ ಹೀಗೆ ಮಾಡುತ್ತಿದ್ದೆ. ಯಾರೂ ಹೇಳಿರಲಿಲ್ಲ. ಆ ಹಾಳೆಯಲ್ಲಿ ನನಗೆ ಅರ್ಥವಾಗುತ್ತಿದ್ದ ಸಾಲು ಅದೊಂದೇ, ಅದಕ್ಕೆ. 1999ರ ಆರಂಭದ ಹೊತ್ತಿಗೆ ಸಣ್ಣಮ್ಮ ಒಂಬತ್ತು ಸಲ ಬಂದಿದ್ದರು, ಅರವತ್ತೊಂದು ವಿದ್ಯಾರ್ಥಿಗಳು ನಾಡಿ ಎಣಿಸಿದ್ದರು. ಎಪ್ಪತ್ನಾಲ್ಕರಿಂದ ಎಂಬತ್ತಾರರವರೆಗೆ ನಾನಾ ಅಂಕಿಗಳು. ಒಂದೇ ದಿನ ಒಂದೇ ಅಂಕಿ ಇಬ್ಬರಿಗಿಂತ ಹೆಚ್ಚು ಜನ ಬರೆದದ್ದಿಲ್ಲ.

1999ರ ಮಾರ್ಚ್ 17, ಬುಧವಾರ. ಮಾರನೆಯ ದಿನ ಯುಗಾದಿ. ಕಾಲೇಜಿನ ಆಂತರಿಕ ಪರೀಕ್ಷೆಯನ್ನು ಹಬ್ಬಕ್ಕೆ ಮೊದಲೇ ಮುಗಿಸಬೇಕೆಂದು ಅವಸರದಲ್ಲಿ ಇಟ್ಟಿದ್ದರು. ಹಬ್ಬದ ಮುಂಚಿನ ದಿನ, ಅದೂ ಅಮಾವಾಸ್ಯೆ, ಯಾರು ಮನೆ ಬಿಟ್ಟು ಬರುತ್ತಾರೆ? ಕೇಳಿದ ಒಂಬತ್ತು ಜನರಲ್ಲಿ ಆರು ಜನ ಆಗುವುದಿಲ್ಲವೆಂದರು. ಸಣ್ಣಮ್ಮ ಬಂದರು. ಕೆ.ಆರ್. ನಗರದಲ್ಲಿ ನಾನೇ ಅವರನ್ನು ಜೊತೆ ಮಾಡಿಕೊಂಡೆ. ಹುಣಸೂರಿನಲ್ಲಿ ಇಳಿದು ಕೇಂದ್ರಕ್ಕೆ ನಡೆಯುವಾಗ ಎರಡು ಕಡೆ ಕೂತರು. ಕೇಳಿದ್ದಕ್ಕೆ, “ಬಿಸ್ಲು ಕಣವ್ವ” ಎಂದರು. ಬೆಳಿಗ್ಗೆ ಒಂಬತ್ತೂಕಾಲು, ಅಂಥ ಬಿಸಿಲೇನೂ ಇರಲಿಲ್ಲ. ‘ದಾರಿಯಲ್ಲಿ ಎರಡು ಸಲ ಕೂತರು’ ಎಂದು ಡೈರಿಯಲ್ಲಿ ಬರೆದೆ. ಬರೆದು ಸುಮ್ಮನಾದೆ.

ಪರೀಕ್ಷೆಯ ಬೆಳಿಗ್ಗೆ ಡಾ. ವೀರಭದ್ರಪ್ಪ ಎಲ್ಲ ರೋಗಿಗಳನ್ನೂ ತಾವೊಮ್ಮೆ ನೋಡುವುದು ಪದ್ಧತಿ. ಅವತ್ತು ವ್ಯಾನು ತಡವಾಗಿ ಬಂತು. ಹೊಸಬರಿಬ್ಬರನ್ನು ನೋಡಿ, “ಸಣ್ಣಮ್ಮ ಹಳಬರು, ಕಾರ್ಡಿದೆ” ಎಂದು ಮುಂದೆ ಹೋದರು. ಸಣ್ಣಮ್ಮನ ಮಂಚಕ್ಕೆ ಏಳು ವಿದ್ಯಾರ್ಥಿಗಳು, ತಲಾ ಇಪ್ಪತ್ತು ನಿಮಿಷ. ಅಂಕ ಕೊಡುವವರು ಸಹಾಯಕ ಪ್ರಾಧ್ಯಾಪಕ ಡಾ. ಮೋಹನ್.

ಮಧ್ಯಾಹ್ನ ಎರಡೂ ಮುಕ್ಕಾಲಿಗೆ ಹಾಳೆಗಳು ನನ್ನ ಮೇಜಿಗೆ ಬಂದವು. ಎಂದಿನಂತೆ ನಾಡಿಯ ಅಂಕಿ ಇಳಿಸಿಕೊಳ್ಳತೊಡಗಿದೆ. ಎಂಬತ್ತು. ಎಂಬತ್ತು. ಎಂಬತ್ತು. ಎಂಬತ್ತು. ಎಂಬತ್ತು. ಎಂಬತ್ತು. ಆರು ಜನ, ಆರು ಎಂಬತ್ತು, ಎಲ್ಲರೂ ‘ಕ್ರಮಬದ್ಧ’ ಎಂದು ಬರೆದಿದ್ದರು. ಏಳನೆಯದು ಬಿಂದು ಎಂಬ ಹುಡುಗಿಯ ಹಾಳೆ. ಅವಳು 104 ಎಂದು ಬರೆದು ಹೊಡೆದುಹಾಕಿ, 112 ಎಂದು ಬರೆದು, ಅದರ ಮುಂದೆ ‘ಕ್ರಮ ತಪ್ಪಿದೆ, ಎಣಿಸುವುದು ಕಷ್ಟ’ ಎಂದು ಬರೆದಿದ್ದಳು. ಅದರ ಮೇಲೆ ಡಾ. ಮೋಹನ್ ಅವರ ಕೆಂಪು ಶಾಯಿಯ ಅಡ್ಡಗೆರೆ. ಅವಳು ಫೇಲು.

ಬೀರುವಿನಿಂದ ಸಣ್ಣಮ್ಮನ ಕಾರ್ಡು ತೆಗೆದೆ. ‘ನಾಡಿ 80, ಕ್ರಮಬದ್ಧ.’

ವಿಷಯ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಯಾರೋ ಯಾವಾಗಲೋ ನಮ್ಮ ಕಾರ್ಡುಗಳನ್ನು ನಕಲು ಮಾಡಿದ್ದರು. ಹಾಸ್ಟೆಲ್ಲಿನಲ್ಲಿ ಅದರ ಜೆರಾಕ್ಸ್ ಓಡಾಡುತ್ತಿತ್ತೆಂದು ಆಮೇಲೆ ತಿಳಿಯಿತು. ಬೀರುವಿಗೆ ಬೀಗ ಹಾಕದವಳು ನಾನು. ಬಿಂದು ಕಾಸರಗೋಡಿನ ಕಡೆಯ ಮಲಯಾಳಿ ಹುಡುಗಿ, ಮೈಸೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಓದುತ್ತಿದ್ದಳು. ಜೆರಾಕ್ಸ್ ಅವಳವರೆಗೆ ತಲುಪಿರಲಿಲ್ಲ. ಆದ್ದರಿಂದ ಅವಳು ನಾಡಿ ಎಣಿಸಿದ್ದಳು.

ಆದರೆ ನನ್ನನ್ನು ಎಬ್ಬಿಸಿದ್ದು ನಕಲಲ್ಲ. ಬಿಂದು ಎಣಿಸಿದ್ದು ಸರಿಯಿದ್ದರೆ ಸಣ್ಣಮ್ಮನಿಗೆ ಏನಾಗಿದೆ?

ಸಣ್ಣಮ್ಮ ಜಗಲಿಯ ಬೆಂಚಿನ ಮೇಲೆ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನಾಲ್ಕೂಕಾಲಿನ ಬಸ್ಸು ಹಿಡಿಯಬೇಕಿತ್ತು. “ಕೈ ಕೊಡಿ ಸಣ್ಣಮ್ಮ” ಎಂದೆ. ಐದು ವರ್ಷ ಬೇರೆಯವರು ನಾಡಿ ಹಿಡಿಯುವುದನ್ನು ನೋಡಿದ್ದೆ, ನಾನು ಹಿಡಿದದ್ದು ಅದೇ ಮೊದಲು. ಬಡಿತ, ಬಡಿತ, ಒಂದು ಬಿಡುವು, ಮೂರು ಒಟ್ಟಿಗೆ ನುಗ್ಗಿ ಬಂದವು, ಮತ್ತೆ ಬಿಡುವು. ಗಡಿಯಾರ ನೋಡಿ ಒಂದು ನಿಮಿಷ ಎಣಿಸಿದೆ: 98. ಇನ್ನೊಂದು ನಿಮಿಷ: 116.

“ನೀವೂ ಪರೀಕ್ಷೆ ಬರೀತೀರಾ ಮೇಡಮ್ಮೋರೆ?” ಎಂದು ಸಣ್ಣಮ್ಮ ನಕ್ಕರು.

ಡಾ. ಮೋಹನ್ ಹತ್ತಿರ ಹೋದೆ. ಅವರು ಕೋಟು ಮಡಚುತ್ತಿದ್ದರು.

“ಆ ಹುಡುಗಿ ಗಾಬರಿಯಾಗಿದ್ಲು. ಆರು ಜನ ಸರಿಯಾಗಿ ಬರೆದಿದಾರಲ್ಲ?” ಎಂದರು.

“ಆರು ಜನಾನೂ ಒಂದೇ ಅಂಕಿ ಬರೆದಿದಾರೆ ಸರ್. ನಾನೂ ಎಣಿಸಿದೆ...”

“ಸುಜಾತಾ ಅವ್ರೇ, ಕೇಸು ಕರ್ಕೊಂಡು ಬರೋದು ನಿಮ್ಮ ಕೆಲಸ. ಕಾಯಿಲೆ ಕಂಡುಹಿಡಿಯೋದು ನಮಗೆ ಬಿಡಿ. ನಾಳೆ ಹಬ್ಬ, ಎಲ್ಲರೂ ಮನೆಗೆ ಹೋಗಲಿ.”

ಆಗ ಮೂರೂ ಹತ್ತು. ಸಣ್ಣಮ್ಮನನ್ನು ಬಸ್ಸು ಹತ್ತಿಸಿ ಸುಮ್ಮನಿದ್ದುಬಿಡುವುದು ಸುಲಭವಿತ್ತು. ನನ್ನ ಕೆಲಸ ಆಗ ಇನ್ನೂ ಕಾಯಂ ಆಗಿರಲಿಲ್ಲ. ಡಾ. ವೀರಭದ್ರಪ್ಪನವರ ಕಾರ್ಡು ತಪ್ಪು ಎಂದು ಅವರಿಗೇ ಹೇಳಬೇಕಿತ್ತು. ನಾನು ಐದು ನಿಮಿಷ ಬೇಸಿನ್ನಿನ ಹತ್ತಿರ ನಿಂತಿದ್ದೆ. ಆಮೇಲೆ ಡೈರಿ ತೆಗೆದುಕೊಂಡು ಹೋಗಿ ಅವರ ಮುಂದೆ ಇಟ್ಟೆ. ಪುಟ ತೆರೆದು ತೋರಿಸಿದೆ, ಅಷ್ಟೆ.

ಅವರು ಒಂಬತ್ತು ದಿನಗಳ ಅಂಕಿಗಳನ್ನು ಬೆರಳಿಟ್ಟು ಓದಿದರು. ಹತ್ತನೆಯ ದಿನಕ್ಕೆ ಬಂದಾಗ ಬೆರಳು ನಿಂತಿತು.

“ಆರು ಜನಕ್ಕೂ ಎಂಬತ್ತು. ಇದೇನು ಗೋಡೆ ಗಡಿಯಾರನಾ?” ಎಂದರು. “ಸಣ್ಣಮ್ಮ ಹೋದರಾ?”

“ಇಲ್ಲ ಸರ್. ಜಗಲಿಯಲ್ಲಿದ್ದಾರೆ.”

ಅವರು ಓಡಲಿಲ್ಲ. ಆದರೆ ಚಪ್ಪಲಿ ಹಾಕಿಕೊಳ್ಳುವುದನ್ನು ಮರೆತು ನಡೆದರು. ಸಣ್ಣಮ್ಮನನ್ನು ಮಂಚಕ್ಕೆ ಕರೆತಂದು, ಪರದೆ ಎಳೆದು, ಒಂದು ಕೈ ನಾಡಿಯ ಮೇಲೆ, ಇನ್ನೊಂದು ಕೈಯಿಂದ ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಬಾಗಿಲ ಬಳಿ ವಿದ್ಯಾರ್ಥಿಗಳು ಗುಂಪಾಗಿ ನಿಂತಿದ್ದರು.

“ಎದೆ ಬಡ್ಕೊಳ್ಳೋದು ಯಾವಾಗಿಂದ ಸಣ್ಣಮ್ಮ?”

ಸಣ್ಣಮ್ಮ ಅವರಿಗೆ ಉತ್ತರ ಕೊಡಲಿಲ್ಲ. ನನ್ನ ಕಡೆ ತಿರುಗಿದರು.

“ಹೇಳ್ಲಾ ಮೇಡಮ್ಮೋರೆ?”

“ಹೇಳಿ” ಎಂದೆ.

“ಸಿವರಾತ್ರಿ ಕಳುದ್ಮೇಲಿಂದ ಕಣ್ ಸ್ವಾಮಿ. ಪಟಪಟ ಅಂತ ಬಡ್ಕತದೆ. ಬಿಂದಿಗೆ ನೀರು ತರಕ್ಕೂ ಆಗಕ್ಕಿಲ್ಲ. ಮನಿಕ್ಕಂಡ್ರೆ ಉಸ್ರು ಕಟ್ಟಿ ಎದ್ದು ಕೂತ್ಕತೀನಿ.”

“ಒಂದು ತಿಂಗಳಾಯ್ತು! ಯಾಕೆ ಹೇಳಲಿಲ್ಲ? ಆ ಹುಡುಗಿ ಕೇಳಲಿಲ್ವಾ?”

ಬಾಗಿಲ ಬಳಿಯಿಂದ ಬಿಂದು, “ಎರಡು ಸಲ ಕೇಳಿದೆ ಸರ್. ಇಲ್ಲ ಹೇಳಿದರು” ಎಂದಳು.

“ಕೇಳುದ್ಲು ಪಾಪ” ಎಂದರು ಸಣ್ಣಮ್ಮ. “ಮೇಡಮ್ಮೋರೇ ಹೇಳವ್ರಲ್ಲ ಸ್ವಾಮಿ, ಹೋದ್ಸಲ ಹೇಳಿದ್ನೇ ಹೇಳ್ಬೇಕು ಅಂತ. ಬ್ಯಾರೆ ಹೇಳುದ್ರೆ ಮಕ್ಳು ಫೇಲಾಯ್ತವಂತೆ.”

ಡಾ. ವೀರಭದ್ರಪ್ಪ ನನ್ನನ್ನು ನೋಡಲಿಲ್ಲ. ನೋಡಿದ್ದರೆ ಒಳ್ಳೆಯದಿತ್ತು. ಕಾರ್ಡು ತರಿಸಿಕೊಂಡು, ಕ್ರಮಬದ್ಧ ಎಂಬ ಪದವನ್ನು ಹೊಡೆದುಹಾಕಿ, ತಾರೀಖು ಹಾಕಿದರು. “ಬೆಳಿಗ್ಗೆ ನಾನು ನೋಡಬೇಕಿತ್ತು. ನಾಲ್ಕು ವರ್ಷದಲ್ಲಿ ಇವರಿಗೆ ಇನ್ನೊಮ್ಮೆ ಸ್ಕ್ಯಾನ್ ಮಾಡಿಸಬೇಕಿತ್ತು. ತಪ್ಪು ನನ್ನದು” ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಹೃದಯದ ಲಯ ತಪ್ಪಿದೆ, ಹೀಗೇ ಬಿಟ್ಟರೆ ಒಳಗೆ ರಕ್ತ ಹೆಪ್ಪುಗಟ್ಟಿ ಲಕ್ವ ಹೊಡೆಯಬಹುದು, ಈಗಲೇ ಮೈಸೂರಿಗೆ ಹೋಗಬೇಕು ಎಂದು ಸಣ್ಣಮ್ಮನಿಗೆ ಬಿಡಿಸಿ ಹೇಳಿದರು.

“ನಾಳೆ ಹಬ್ಬ ಕಣ್ ಸ್ವಾಮಿ. ಹೆಣ್ಮಕ್ಳು ಕಾಯ್ತಾವೆ. ಹಬ್ಬ ಮುಗುಸ್ಕಂಡು ಬತ್ತೀನಿ.”

“ಹಬ್ಬ ಬರೋ ವರ್ಷವೂ ಬರುತ್ತೆ ಸಣ್ಣಮ್ಮ.”

“ನಿಮ್ಗೇನು ಸ್ವಾಮಿ, ಹೇಳ್ತೀರಿ. ಒಬ್ಬಟ್ಟಿಗೆ ಬ್ಯಾಳೆ ನೆನೆಹಾಕಾರ್ಯಾರು?”

ನಾನು ಅವರ ಪಕ್ಕ ಕೂತೆ. “ನಾನು ಹೇಳಿಕೊಟ್ಟಿದ್ದು ತಪ್ಪು ಸಣ್ಣಮ್ಮ. ಈಗ ನಾನು ಹೇಳ್ತಿರೋದೂ ಕೇಳಿ. ಬನ್ನಿ, ನಾನೂ ಜೊತೆಗೆ ಬರ್ತೀನಿ” ಎಂದೆ. ಅವರು ಚೀಲದ ಹಿಡಿಯನ್ನು ತಿರುಚುತ್ತ, “ಸರಿ ಬುಡವ್ವ. ಮನೆಗೊಂದು ಫೋನ್ ಮಾಡ್ಸು” ಎಂದರು. ಮಿರ್ಲೆಯ ಅಂಗಡಿಯೊಂದಕ್ಕೆ ಫೋನ್ ಮಾಡಿ ಗಂಡನಿಗೆ ಸುದ್ದಿ ಮುಟ್ಟಿಸಿದೆವು.

ಮೂರೂ ನಲವತ್ತಕ್ಕೆ ವ್ಯಾನು ಹೊರಟಿತು. ಸಣ್ಣಮ್ಮ ಮುಂದಿನ ಸೀಟಿನಲ್ಲಿ, ಪಕ್ಕದಲ್ಲಿ ನಾನು. ಎಂಬತ್ತು ಬರೆದ ಆರು ಜನ ಹಿಂದಿನ ಸೀಟುಗಳಲ್ಲಿ ತಲೆ ತಗ್ಗಿಸಿ ಕೂತಿದ್ದರು. ಊರು ದಾಟಿದ ಮೇಲೆ ಡಾ. ವೀರಭದ್ರಪ್ಪ ಸಣ್ಣಮ್ಮನನ್ನು ಕೇಳಿದರು: “ಈ ಆರು ಜನ ಒಬ್ಬೊಬ್ಬರಾಗಿ ಬಂದು ನಿಮ್ಮ ಕೈ ಹಿಡಿದು ಒಂದು ನಿಮಿಷ ಎಣಿಸಬಹುದಾ? ನಿಮಗೆ ಸಾಕಾಗಿದ್ರೆ ಬೇಡ.”

“ಈಗ್ಲಾದ್ರೂ ಎಣಿಸ್ಲಿ ಬುಡಿ” ಎಂದರು ಸಣ್ಣಮ್ಮ, ಕೈ ಚಾಚಿ.

ಒಬ್ಬೊಬ್ಬರಾಗಿ ಬಂದರು. ಕೊನೆಯ ಹುಡುಗನ ಕಣ್ಣಲ್ಲಿ ನೀರಿತ್ತು. ಸಣ್ಣಮ್ಮ ಅವನ ಕೈ ತಟ್ಟಿ, “ಎಷ್ಟು ಬತ್ತಪ್ಪ?” ಎಂದರು. “ನೂರಾ ಎಂಟು ಅಮ್ಮ” ಎಂದ.

ಮೈಸೂರಿನಲ್ಲಿ ಸ್ಕ್ಯಾನ್ ಆಯಿತು. ಕವಾಟ ನಾವು ಅಂದುಕೊಂಡದ್ದಕ್ಕಿಂತ ಬಹಳ ಕಿರಿದಾಗಿತ್ತು. ಹೆಪ್ಪು ಇನ್ನೂ ಕಟ್ಟಿರಲಿಲ್ಲ. ರಕ್ತ ತೆಳುವಾಗುವ ಮಾತ್ರೆ ಶುರು ಮಾಡಿ, ಕೆಲವು ವಾರಗಳ ನಂತರ ಬೆಂಗಳೂರಿಗೆ ಕಳಿಸಿ, ತೊಡೆಯ ರಕ್ತನಾಳದ ಮೂಲಕ ಬಲೂನು ತೂರಿಸಿ ಕವಾಟ ಅಗಲ ಮಾಡಿಸಿದರು. ಬಿಂದುವಿನ ಅಂಕ ತಿದ್ದಲಾಯಿತು. ಆರು ಜನರಿಗೆ ಮರುಪರೀಕ್ಷೆ. ಡಾ. ಮೋಹನ್ ಒಂದು ವಾರ ನನ್ನೊಂದಿಗೆ ಮಾತಾಡಲಿಲ್ಲ. ಆಮೇಲೆ ಒಂದು ದಿನ ಬಂದು, “ನಿಮ್ಮ ಡೈರಿ ಒಮ್ಮೆ ನೋಡಬಹುದಾ?” ಎಂದರು.

ವಿಧಾನಗಳು ಬದಲಾದವು. ಕಾರ್ಡನ್ನು ಪ್ರತಿ ಸಲವೂ ಆ ದಿನ ಬೆಳಿಗ್ಗೆಯೇ ಹೊಸದಾಗಿ ಬರೆಯತೊಡಗಿದರು. ಪರೀಕ್ಷೆಯ ಹಾಳೆಯಲ್ಲಿ ಮೊದಲ ಪ್ರಶ್ನೆ ‘ಇತ್ತೀಚೆಗೆ ಏನಾದರೂ ಬದಲಾಗಿದೆಯೇ?’ ಎಂದಾಯಿತು. ಬೀರುವಿಗೆ ಬೀಗ ಬಂತು. ನಾಲ್ಕು ತಾಲ್ಲೂಕಿನ ಎಲ್ಲ ಹಳಬರ ಮನೆಗೂ ಹೋಗಿ ನನ್ನ ನಿಯಮ ರದ್ದಾಗಿದೆ ಎಂದು ಹೇಳಿಬಂದೆ. ಐವತ್ತಮೂರು ಮನೆ, ಎರಡು ತಿಂಗಳು ಹನ್ನೊಂದು ದಿನ ಹಿಡಿಯಿತು. ರಾಚಪ್ಪನವರು, “ಅಂಗಾದ್ರೆ ಇನ್ಮೇಲೆ ನಾನು ಏನು ಬೇಕಾದ್ರೂ ಹೇಳ್ಬೋದಾ?” ಎಂದು ಕೇಳಿದರು. “ನಿಜವಾಗಿದ್ದರೆ” ಎಂದೆ. “ಅದು ಕಷ್ಟ ತಾಯಿ” ಎಂದರು.

ಆಮೇಲಿನ ವರ್ಷಗಳಲ್ಲಿ ಪ್ಲಾಸ್ಟಿಕ್ಕಿನ ಎದೆಗಳು ಬಂದವು. ಗುಂಡಿ ಒತ್ತಿದರೆ ಬೇಕಾದ ಹೃದಯದ ಸದ್ದು ಬರುತ್ತದೆ. ಕಲಿಯಲು ಒಳ್ಳೆಯದೇ, ಯಾರಿಗೂ ಆಯಾಸವಿಲ್ಲ. ಆದರೆ ಅದಕ್ಕೆ ಏರು ಹತ್ತುವಾಗ ಉಸಿರು ಕಟ್ಟುವುದಿಲ್ಲ, ಹಬ್ಬವಿಲ್ಲ, ನಾಚಿಕೆಯಿಲ್ಲ, ಅದು ಏನನ್ನೂ ಮುಚ್ಚಿಡುವುದಿಲ್ಲ. ಹೊಸ ಹುಡುಗಿಯರಿಗೆ ನಾನು ಹೇಳುವುದಿಷ್ಟು: ಒಪ್ಪಿ ಬಂದವರು ಕಲಿಸಲು ಬಂದಿರುತ್ತಾರೆ ನಿಜ, ಆದರೆ ಅವರು ಅಂದೂ ರೋಗಿಗಳೇ. ಬಾಗಿಲಲ್ಲಿ ಮೊದಲು ನೀವೇ ಕೇಳಿ, ‘ಹೇಗಿದ್ದೀರಿ?’ ಎಂದು. ಉತ್ತರ ಮುಗಿಯುವವರೆಗೆ ಕಾಯಿರಿ.

ಸಣ್ಣಮ್ಮ 2001ರಲ್ಲಿ ಮತ್ತೆ ಒಂದು ಸಲ ಬಂದರು, ತಾವಾಗಿಯೇ ಹೇಳಿ ಕಳಿಸಿ. ಕೊನೆಯ ಸಲ ಕಂಡದ್ದು 2008ರಲ್ಲಿ, ಕೆ.ಆರ್. ನಗರದ ಬಸ್ ನಿಲ್ದಾಣದಲ್ಲಿ, ಮೊಮ್ಮಗುವನ್ನು ಸೊಂಟಕ್ಕೇರಿಸಿಕೊಂಡು ನನಗಿಂತ ಜೋರಾಗಿ ನಡೆಯುತ್ತಿದ್ದರು.

ಒಂದು ವಿಷಯ ಮಾತ್ರ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಆ ದಿನದ ಏಳೂ ಹಾಳೆಗಳಲ್ಲಿ ‘ಎದೆ ಬಡಿದುಕೊಳ್ಳುವುದು: ಇಲ್ಲ’ ಎಂದಿದೆ. ಬಿಂದು ಕೇಳಿದ್ದಳು, ಸಣ್ಣಮ್ಮ ನನ್ನ ಮಾತಿಗೆ ಕಟ್ಟುಬಿದ್ದು ಇಲ್ಲ ಎಂದಿದ್ದರು. ಉಳಿದ ಆರು ಜನ ಕೇಳಿ ಬರೆದರೋ, ಕೇಳದೆಯೇ ಜೆರಾಕ್ಸ್ ನೋಡಿ ಬರೆದರೋ? ಸಣ್ಣಮ್ಮನನ್ನು ಕೇಳಿದರೆ, “ಯಾರು ನೆನಪಿಟ್ಕಂಡವ್ರೆ ಬುಡವ್ವ” ಎಂದರು. ನನಗೆ ತಿಳಿಯಬೇಕಾಗಿರುವುದು ಒಂದು ಲೆಕ್ಕ: ಅವತ್ತು ಆ ಹೆಂಗಸು ನನ್ನಿಂದಾಗಿ ಒಟ್ಟು ಎಷ್ಟು ಸಲ ತನ್ನ ನೋವನ್ನು ಇಲ್ಲ ಎಂದರು? ಎರಡು ಸಲವೇ, ಎಂಟು ಸಲವೇ?

ಆ ಆರು ಜನ, ನೀವು ಈಗ ಎಲ್ಲೋ ವೈದ್ಯರಾಗಿರುತ್ತೀರಿ. ನಿಮ್ಮಲ್ಲಿ ಯಾರಾದರೂ ಇದನ್ನು ಓದಿದರೆ, ಅಥವಾ ಓದಿದವರಿಗೆ ಅವರಲ್ಲಿ ಯಾರಾದರೂ ಗೊತ್ತಿದ್ದರೆ, ಪ್ರಕಾಶಕರ ಮೂಲಕ ನನಗೆ ಎರಡು ಸಾಲು ಬರೆಯಿರಿ. ಹೆಸರು ಬೇಡ. ಕೇಳಿದ್ದೆ ಅಥವಾ ಕೇಳಿರಲಿಲ್ಲ, ಅಷ್ಟು ಸಾಕು.